ಎರಡು ಹೆಗಲು ದೂರ

ಆಷಾಢದ ಗಾಳಿಯ ಒಂದು ಬೆಳಿಗ್ಗೆ ಮುನಿಶಾಮಿ ನಮ್ಮ ದೇವನಹಳ್ಳಿ ಸ್ಕೂಲಿನ ಜಗುಲಿಯ ಕೆಳಗೆ ಬಂದು ನಿಂತಿದ್ದ. ನಾನು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಸೀಮೆಸುಣ್ಣ ಕೈಯಲ್ಲೇ ಹಿಡಿದು ಹೊರಗೆ ಬಂದೆ.

"ಯಜಮಾನ ಹೋಗ್ಬುಟ್ಟ, ಮೇಷ್ಟ್ರೇ," ಎಂದ. "ಮೊನ್ನೆ ಸಂಜೆ. ನಿನ್ನೆ ಮಣ್ಣು ಮಾಡಿ ಬಂದ್ವಿ."

ಯಾರು ಹೊತ್ತಿರಿ ಎಂದು ಕೇಳಿದೆ.

"ನಾವೇ, ಡೋಲಿಯೋರು. ದಾರಿ ಉದ್ದಕ್ಕೂ ಒಂದೇ ಹೆಗಲಲ್ಲಿ ಹೋದ್ವಿ. ಯಾರೂ ಬದ್ಲಾಯಿಸ್ಲಿಲ್ಲ. ಕೂಗ್ಬೇಕಾದೋನು ಮೇಲೆ ಮಲಗಿದ್ನಲ್ಲ."

ಇಷ್ಟು ಹೇಳಿ ಹೊರಟುಹೋದ. ನಾನು ಒಳಗೆ ಬಂದು ಹಲಗೆಯ ಮೇಲಿದ್ದ ಲೆಕ್ಕವನ್ನು ಮುಗಿಸಿದೆ. ಉತ್ತರ ತಪ್ಪಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು ಹೇಳಿದ ಮೇಲೆ ತಿದ್ದಿದೆ.

ತೀರಿಕೊಂಡವರು ನಂದಿ ಬೆಟ್ಟದಲ್ಲಿ ಡೋಲಿ ಹೊರುವವರ ಮುಂದಾಳು. ಬೆಟ್ಟದ ಬುಡದ ಹಳ್ಳಿಯವರು. ಎಲ್ಲರೂ ಯಜಮಾನ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗಿಂತ ಇಪ್ಪತ್ತೈದು ವರ್ಷಕ್ಕಾದರೂ ದೊಡ್ಡವರು. ಆದರೂ ಅವರು ಇದ್ದಷ್ಟು ದಿನ ನಾನು ಅವರೊಡನೆ ಏಕವಚನದಲ್ಲೇ ಮಾತಾಡಿದೆ. ಅವರು ನನ್ನನ್ನು ಒಂದು ದಿನವೂ 'ನೀನು' ಎನ್ನಲಿಲ್ಲ. ಈಗ ಬರೆಯಲು ಕೂತರೆ ಕೈ ತಾನಾಗಿ 'ಅವರು' ಎಂದು ಬರೆಯುತ್ತಿದೆ. ಹೆಸರು ಮಾತ್ರ ಬರೆಯುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಡೋಲಿ ಎಂದರೆ ಎರಡು ಗಟ್ಟಿ ಬಿದಿರಿನ ನಡುವೆ ಕಟ್ಟಿದ ಬೆತ್ತದ ಕುರ್ಚಿ. ಮುಂದೆ ಇಬ್ಬರು, ಹಿಂದೆ ಇಬ್ಬರು. ಭಾರ ಹೊತ್ತ ಹೆಗಲು ಸೋತಾಗ ಬಿದಿರಿನಡಿ ತಲೆ ತಗ್ಗಿಸಿ ಇನ್ನೊಂದು ಹೆಗಲು ಕೊಡಬೇಕು. ನಾಲ್ವರೂ ಒಟ್ಟಿಗೇ ಕೊಡಬೇಕು, ಇಲ್ಲದಿದ್ದರೆ ಕುರ್ಚಿ ಮಗುಚುತ್ತದೆ. ಅದಕ್ಕೊಂದು ಕ್ರಮವಿತ್ತು. ಮುಂದಾಳು 'ಹೆಗಲು' ಎಂದು ಕೂಗುತ್ತಾನೆ. ಹಿಂದಿನ ಜೋಡಿ 'ಆಯ್ತು' ಎನ್ನಬೇಕು. ಆ ಉತ್ತರ ಬರುವವರೆಗೆ, ಭುಜ ಕಿತ್ತು ಬರುವಂತಾದರೂ, ಮುಂದಿನವರು ಕದಲುವುದಿಲ್ಲ. ಹಿಂದಿನ ಜೋಡಿಯಲ್ಲಿ ಮುನಿಶಾಮಿ ಇದ್ದ. ಮೂವತ್ತು ವರ್ಷ ಕೂಗಿ ಕೂಗಿ ಯಜಮಾನರ ದನಿಯಲ್ಲಿ ಆ ಒಂದು ಮಾತಿಗೆ ಬೇರೆಯೇ ಕಂಠವಿತ್ತು. ಅವರ ಎಡ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಡೋಲಿ ಇಳಿಸಿದ ಮೇಲೆ ಬಿದಿರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮಡಿಸಿದ ಟವಲನ್ನು ಕೊಡವಿ, ಆ ಗಂಟಿನ ಮೇಲೆ ಹೊದಿಸುತ್ತಿದ್ದರು.

ಮೋಟಾರು ದಾರಿ ಆದಮೇಲೆ ಡೋಲಿಯವರ ಕಾಲ ಮುಗಿಯಿತು ಎಂದುಕೊಂಡಿದ್ದರಂತೆ. ಯುದ್ಧ ಬಂತು, ಪೆಟ್ರೋಲಿಗೆ ಚೀಟಿ ಬಂತು, ಕಾರುಗಳು ಬೆಂಗಳೂರಿನ ಷೆಡ್ಡುಗಳಲ್ಲೇ ಉಳಿದವು. ಜನ ಚಿಕ್ಕ ರೈಲಿನಲ್ಲಿ ಬಂದಿಳಿದು ಮೆಟ್ಟಿಲ ಬುಡದಲ್ಲಿ ಮತ್ತೆ ಡೋಲಿ ಕೇಳತೊಡಗಿದರು. ರಜೆಯ ಸೋಲ್ಜರುಗಳು, ದಂಡಿನ ದೊರೆಸಾನಿಯರು, ವಕೀಲರು. "ಎಲ್ಲೋ ಯಾರೋ ಹೊಡೆದಾಡ್ಕೊಂಡ್ರು, ಇಲ್ಲಿ ನಮ್ ಹೆಗಲಿಗೆ ಕೆಲ್ಸ ಸಿಕ್ತು. ಇದನ್ನ ಯಾರ್ ತಾವ ಹೇಳ್ಕೊಳ್ಳಾದು ಮೇಷ್ಟ್ರೇ?" ಎಂದು ಅವರು ಒಮ್ಮೆ ಕೇಳಿದ್ದರು.

ನಾನು ಭಾನುವಾರಗಳಲ್ಲಿ ಬೆಟ್ಟ ಹತ್ತುತ್ತಿದ್ದೆ. ನನಗೆ ಎಣಿಸುವ ಚಟ. ಮೆಟ್ಟಿಲು ಎಣಿಸುತ್ತ ಅವರ ಡೋಲಿಯ ಪಕ್ಕದಲ್ಲೇ ನಡೆಯುವುದು ರೂಢಿಯಾಯಿತು. ಒಂದು ದಿನ ಒಬ್ಬ ದಢೂತಿ ವಕೀಲರು ಡೋಲಿಯಲ್ಲಿದ್ದರು. ಹಿಂದಿನಿಂದ ಮುನಿಶಾಮಿ ಕೇಳಿದ:

"ಎಷ್ಟಾಗ್ತದೆ ಯಜಮಾನ?"

"ಐವತ್ತು ಕಣ್ಲಾ. ಸುಮ್ನೆ ಹೊರು."

"ನಲವತ್ತೈದಕ್ಕೆ ಮುಗಿಯಲ್ವಾ?"

"ಹೋಳಿಗೆ ಊಟ ಆಗೈತೆ."

ವಕೀಲರು ಕುರ್ಚಿಯಿಂದ ಬಗ್ಗಿದರು. "ಏನಯ್ಯಾ ಅದು ಐವತ್ತು?"

"ಇನ್ನೂ ಐವತ್ತು ವರ್ಷ ಚೆಂದಾಗಿರ್ಲಿ ಅಂದೆ ಸ್ವಾಮಿ."

ವಕೀಲರು ಸಂತೋಷಪಟ್ಟರು. ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಒಮ್ಮೆ ಹೆಗಲು ಬದಲಾಯಿಸಿ ಮತ್ತೆ ಬದಲಾಯಿಸುವವರೆಗಿನ ದಾರಿ ಅವರಿಗೆ 'ಒಂದು ಹೆಗಲು'. ಆ ಲೆಕ್ಕದಲ್ಲಿ ಬಡಕಲು ಮುದುಕಿ ಮೂವತ್ತಾರು ಹೆಗಲು, ದಢೂತಿ ವಕೀಲ ಐವತ್ತು. ಬೆಟ್ಟ ಒಂದೇ, ಮೆಟ್ಟಿಲು ಅವೇ. ಹೆಗಲು ಎಂಬುದು ಭಾರಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬ ಮಾತು ಆ ದಿನವೇ ನನ್ನ ಕಿವಿಗೆ ಬಿದ್ದಿತ್ತು. ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕುಬಿಟ್ಟೆ.

ಬೆಟ್ಟಕ್ಕೆ ಬಂದವರೆಲ್ಲ ನೋಡುವುದು ನಾಲ್ಕೇ ಜಾಗ. ಗುಡಿ, ಕೊಳ, ದೊರೆಗಳ ಬಂಗಲೆ, ಕೈದಿಗಳನ್ನು ತಳ್ಳುತ್ತಿದ್ದರೆಂಬ ಬಂಡೆ. ಆ ಬಂಡೆಯ ಮೇಲೆ ನಿಂತು ಒಂದು ಸಲ ಹೆದರಿ, ಕಾಫಿ ಕುಡಿದು, ಇಳಿದುಹೋಗುತ್ತಿದ್ದರು. ಯಜಮಾನರಿಗೆ ಬೇರೆ ಬೆಟ್ಟ ಗೊತ್ತಿತ್ತು. ಕೇಳಿದವರಿಗೆಲ್ಲ ತೋರಿಸುತ್ತಿರಲಿಲ್ಲ. ಡೋಲಿ ಇಳಿದ ಕೂಡಲೇ ಕೈಗಡಿಯಾರ ನೋಡಿಕೊಳ್ಳುವವರನ್ನು ಗುಡಿಯ ದಾರಿಗೆ ಹತ್ತಿಸಿ ಬಿಡುತ್ತಿದ್ದರು. ಸುಮ್ಮನೆ ನಿಂತು ಗಾಳಿ ಕುಡಿಯುವವರು ಸಿಕ್ಕಿದರೆ, "ಬರ್ತೀರಾ, ಇಲ್ಲೇ ಒಂದು ಐತೆ," ಎನ್ನುತ್ತಿದ್ದರು.

ನನ್ನನ್ನೂ ಹಾಗೇ ಕರೆದರು. ಮೊದಲು ತೋರಿಸಿದ್ದು ದನಿ ಕೊಡುವ ಒಂದು ಕಲ್ಲು. ಇನ್ನೊಂದು ಕಲ್ಲಿನಿಂದ ತಟ್ಟಿದರೆ ಕಂಚಿನಂತೆ ಮೊಳಗುತ್ತದೆ. ನಾನು ಮತ್ತೆ ತಟ್ಟಲು ಹೋದಾಗ ಕೈ ಹಿಡಿದರು. "ಒಂದೇ ಸಲ, ಮೇಷ್ಟ್ರೇ. ಎರಡ್ನೇ ಸಲಕ್ಕೆ ಅದು ಬರೀ ಕಲ್ಲು." ಇನ್ನೊಂದು ದಿನ ಬೇಸಿಗೆಯಲ್ಲೂ ತಣ್ಣನೆಯ ಗಾಳಿ ಬರುವ ಒಂದು ಬಂಡೆಯ ಸೀಳು. ಅದರ ಮುಂದೆ ಕೂರಿಸಿ ಕಣ್ಣು ಮುಚ್ಚಿಸಿದರು. "ಮೊದ್ಲು ಉಸ್ರು ಇಳೀಲಿ. ಆಮ್ಯಾಕೆ ನೋಡೀರಂತೆ." ಪಕ್ಕದಲ್ಲಿ ಅವರೂ ಕಣ್ಣು ಮುಚ್ಚಿ ಕೂತಿದ್ದರು. ಎಷ್ಟೋ ಸಲ ಕೂತಿರಬೇಕು, ಆದರೂ ಹೊಸದಾಗಿ ಬಂದವರಂತೆ ಕೂತಿದ್ದರು.

ಕೊನೆಗೆ ತೋರಿಸಿದ್ದು ಹಕ್ಕಿ ದೊಣೆ. ಬಂಡೆಯ ಮಡಿಲಲ್ಲಿ ತಾನಾಗಿ ನಿಂತ ನೀರಿಗೆ ನಮ್ಮ ಕಡೆ ದೊಣೆ ಎನ್ನುತ್ತೇವೆ. ಹಳೆಯ ಕೋಟೆಗೋಡೆ ಮುರಿದಿರುವ ಕಡೆ ಒಂದು ಬಸರಿ ಮರ. ಅಲ್ಲಿಂದ ಕಡಿದಾದ ಕಾಲುದಾರಿ ಇಳಿಯುತ್ತದೆ. ಕಾರೆ ಪೊದೆಯೊಂದರ ಹಿಂದೆ ಎಡಕ್ಕೆ ತಿರುಗಿದರೆ ಸಾಕು, ಮೊಣಕಾಲುದ್ದದ ತಿಳಿನೀರು, ಅದರ ಅಂಚಿನಲ್ಲಿ ನೂರಾರು ಹಕ್ಕಿ. ತಿರುಗದೆ ನೇರ ಹೋದರೆ ಪಾಚಿ ಹಿಡಿದ ಹಾಸುಬಂಡೆ. ಅದು ಎಲ್ಲಿ ಮುಗಿಯುತ್ತದೆಂಬುದು ಮೇಲಿನಿಂದ ಕಾಣುವುದಿಲ್ಲ.

"ಮರದಿಂದ ಎಷ್ಟು ದೂರ?" ಎಂದು ಕೇಳಿದೆ.

"ಎರಡು ಹೆಗಲು."

ಹೆಗಲ ಮೇಲೆ ಏನೂ ಇಲ್ಲದಾಗಲೂ ಅವರ ಅಳತೆ ಅದೇ. ಇಳಿಯುವಾಗ ನಾನು ಎಣಿಸಿರಲಿಲ್ಲ. ಕಾಲು ಎಲ್ಲಿಡಬೇಕು ಎಂದು ನೋಡುವುದೇ ಆಗಿತ್ತು. ಮೆಟ್ಟಿಲ ಮೇಲೆ ಎಣಿಸಿದ್ದು ನೆನಪಿತ್ತು: ಸರಾಸರಿ ನೂರು ಹೆಜ್ಜೆಗೆ ಒಂದು ಹೆಗಲು. ಮನೆಗೆ ಬಂದು ಗುಣಿಸಿದೆ.

ಆ ವರ್ಷ ನಾನೊಂದು ಪುಸ್ತಕ ಬರೆದೆ. ಇಪ್ಪತ್ತನಾಲ್ಕು ಪುಟ. 'ಬೆಟ್ಟದಲ್ಲಿ ನೋಡದೆ ಬಂದದ್ದು' ಎಂದು ಹೆಸರು. ದೊಡ್ಡಬಳ್ಳಾಪುರದ ಒಂದು ಸಣ್ಣ ಅಚ್ಚುಕೂಟದಲ್ಲಿ, ಯುದ್ಧಕಾಲದ ಬೂದಿ ಬಣ್ಣದ ಕಾಗದದ ಮೇಲೆ ಅಚ್ಚಾಯಿತು. ಕಲ್ಲು, ಸೀಳು, ದೊಣೆ, ಎಲ್ಲ ಯಜಮಾನರು ತೋರಿಸಿದ್ದೇ. ಅವರ ಹೆಸರು ಎಲ್ಲೂ ಇಲ್ಲ. 'ಸ್ಥಳೀಯ ಡೋಲಿಯವನ ಹೇಳಿಕೆಯಂತೆ' ಎಂಬ ಒಂದು ಸಾಲು ಇತ್ತು. ದೊಣೆಯ ಪುಟದಲ್ಲಿ ಹೀಗೆ ಬರೆದಿದ್ದೆ: 'ಬಸರಿ ಮರದಿಂದ ನೇರವಾಗಿ ಇನ್ನೂರು ಹೆಜ್ಜೆ ಇಳಿದು ಎಡಕ್ಕೆ ತಿರುಗತಕ್ಕದ್ದು.'

ಅವರಿಗೆ ಓದು ಬರುತ್ತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಕೂತು ನಾನೇ ಓದಿ ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಕಲ್ಲಿನ ಪುಟಕ್ಕೆ ನಕ್ಕರು. ದೊಣೆಯ ಪುಟಕ್ಕೆ ಬಂದಾಗ ತಲೆ ಎತ್ತಿದರು.

"ಹೆಜ್ಜೆ ಅಂತ ಯಾಕ್ ಹಾಕಿದ್ರಿ? ನಾನು ಹೆಗಲು ಅಂದಿದ್ದೆ."

"ಹೆಗಲು ಅಂದ್ರೆ ಓದೋರಿಗೆ ಏನು ತಿಳಿಯುತ್ತೆ? ಅದಕ್ಕೇ ಲೆಕ್ಕ ಹಾಕಿ ಬರೆದೆ."

"ಇನ್ನೂರು ಎಲ್ಲಿ ಬಂತು ಮೇಷ್ಟ್ರೇ? ಮೆಟ್ಲು ಹೆಗಲೇ ಬೇರೆ, ಇಳಿಜಾರಿನ ಹೆಗಲೇ ಬೇರೆ. ಇಳಿಯುವಾಗ ಭಾರ ಎಲ್ಲಾ ಮುಂದಿನೋನ್ ಮೇಲೆ ಜಾರ್ತದೆ. ಬೇಗ ಸೋಲ್ತದೆ. ಅದು ಗಿಡ್ಡ."

"ಸರಿ, ತಿದ್ದಿಸ್ತೀನಿ," ಎಂದೆ.

ತಿದ್ದಿಸಲಿಲ್ಲ. ಒಂದು ಬೆರಳಗಲದ ಚೀಟಿ ಅಂಟಿಸಿದ್ದರೆ ಸಾಕಿತ್ತು. ಕಾಗದ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳ ಕಾಪಿ ಪುಸ್ತಕದ ಹಾಳೆ ನನ್ನ ಮೇಜಿನ ಮೇಲೇ ಇತ್ತು. ನಿಜ ಸಂಗತಿ ಬೇರೆ. ಲೆಕ್ಕದ ಮೇಷ್ಟ್ರ ಲೆಕ್ಕ ತಪ್ಪಿದೆ ಎಂದು ಚೀಟಿ ಅಂಟಿಸಿ ಊರಿಗೆಲ್ಲ ಸಾರಲು ನನಗೆ ಮನಸ್ಸಾಗಲಿಲ್ಲ. ಹೆಡ್‌ಮಾಸ್ಟರು ಆ ವಾರವಷ್ಟೇ ಎಲ್ಲರೆದುರು ಪುಸ್ತಕವನ್ನು ಎತ್ತಿ ಹಿಡಿದು, ಅಳತೆಯ ವಿಷಯದಲ್ಲಿ ನಮ್ಮವರನ್ನು ಮೀರಿಸುವವರಿಲ್ಲ ಎಂದಿದ್ದರು.

ಪುಸ್ತಕ ಹಿಡಿದು ಬರುವವರನ್ನು ನೋಡುವ ಆಸೆಯಿಂದ ಭಾನುವಾರಗಳಲ್ಲಿ ಬೆಟ್ಟದ ಮೇಲೆ ಸುತ್ತುತ್ತಿದ್ದೆ. ಅಂಥದ್ದೇ ಒಂದು ಭಾನುವಾರ, ಮಳೆ ನಿಂತ ಮಧ್ಯಾಹ್ನ, ಕೋಟೆಗೋಡೆಯ ಕಡೆಯಿಂದ ಕೂಗು ಕೇಳಿಸಿತು. ಜನ ಓಡಿದರು. ಯಜಮಾನರೂ ಮುನಿಶಾಮಿಯೂ ಇನ್ನಿಬ್ಬರೂ ಖಾಲಿ ಡೋಲಿ ಎತ್ತಿಕೊಂಡು ಓಡಿದರು. ನಾನು ಗುಡಿಯ ಮುಂದಿನ ಕಟ್ಟೆಯ ಬಳಿ ನಿಂತೇ ಇದ್ದೆ. ಬಹಳ ಹೊತ್ತಾದ ಮೇಲೆ ಡೋಲಿ ಮೇಲೆ ಬಂತು. ಅದರಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ. ತೊಡೆಯ ಮೂಳೆ ಮುರಿದಿತ್ತು. ಮುಖ ಸುಣ್ಣದಂತಿತ್ತು. ಅವನು ಅಲುಗಬಾರದೆಂದು ಯಜಮಾನರು ದನಿ ತಗ್ಗಿಸಿ 'ಹೆಗಲು' ಎನ್ನುತ್ತಿದ್ದರು, ಹಿಂದಿನಿಂದ ಅಷ್ಟೇ ಮೆಲ್ಲಗೆ 'ಆಯ್ತು' ಬರುತ್ತಿತ್ತು. ಬೆಟ್ಟದಲ್ಲಿ ಆ ಮಾತನ್ನು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹಿಂದೆ ಬಂದ ಅವನ ಗೆಳೆಯ ಅಳುತ್ತಾ ಹೇಳುತ್ತಿದ್ದ: "ಪುಸ್ತಕ ನೋಡ್ಕೊಂಡು ಎಣಿಸ್ತಾ ಇಳಿದ ಸಾರ್. ನೂರ ಎಂಬತ್ತು ಅಂದ. ಆಮೇಲೆ ಜಾರಿದ." ನನ್ನ ಪುಸ್ತಕ ಅವನ ಕೈಯಲ್ಲಿತ್ತು. ಆ ಪುಟದ ನಡುವೆ ಬೆರಳು ಇನ್ನೂ ಇತ್ತು.

ಹುಡುಗ ಬದುಕಿದ. ಕಾಲು ಮೊದಲಿನಂತೆ ಆಗಲಿಲ್ಲ ಎಂದು ಕೇಳಿದೆ. ಮುಂದಿನ ವಾರ ಬೆಟ್ಟದ ಉಸ್ತುವಾರಿಯ ಅಧಿಕಾರಿಗಳು ನಮ್ಮನ್ನು ಕರೆಸಿದರು. ಡೋಲಿಯವರಿಗೆಲ್ಲ ಒಂದೊಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಿಲ್ಲೆ ಇಲ್ಲದವನು ಬೆಟ್ಟದಲ್ಲಿ ಭಾರ ಹೊರುವಂತಿಲ್ಲ, ಯಾರಿಗೂ ದಾರಿ ತೋರಿಸುವಂತಿಲ್ಲ. ಯಜಮಾನರು ಆ ದಿನ ಬಿಲ್ಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಬೆಳಗಿಸಿಕೊಂಡು ಬಂದಿದ್ದರು. ಅವರು ಆಫೀಸಿನ ಮೆಟ್ಟಿಲ ಕೆಳಗೆ ನಿಂತರು. ನನಗೆ ಕುರ್ಚಿ ಕೊಟ್ಟರು.

"ಇನ್ನೂರು ಹೆಜ್ಜೆ ಅಂತ ಬರೆದಿದ್ದೀರಿ," ಎಂದರು ಅಧಿಕಾರಿ. "ಇದು ಎಲ್ಲಿಂದ ಬಂತು ಮೇಷ್ಟ್ರೇ? ನಾನು ನಿಮ್ಮ ಇಲಾಖೆಗೂ ಬರೀಬೇಕಾಗುತ್ತೆ, ಅದಕ್ಕೇ ಕೇಳ್ತಿದೀನಿ."

ನಾನು ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ. "ದೂರ ಡೋಲಿಯವನು ಹೇಳಿದ್ದು, ಸಾರ್."

ಇದು ಸುಳ್ಳಲ್ಲ. ದೂರ ಹೇಳಿದ್ದು ಅವರೇ. ಸಂಖ್ಯೆ ನನ್ನದು. ಆ ಎರಡನೆಯ ವಾಕ್ಯ ನನ್ನ ಬಾಯಲ್ಲೇ ಉಳಿಯಿತು.

ಅಧಿಕಾರಿ ಕೆಳಗೆ ನೋಡಿದರು. "ಏನಯ್ಯಾ, ನೀನು ಹೇಳಿದ್ದಾ?"

"ಹೂಂ ಬುದ್ಧಿ. ಎರಡು ಹೆಗಲು ಅಂದೆ."

"ಹೆಗಲು ಗಿಗಲು ಬೇಡ. ದೂರ ಹೇಳಿದ್ದು ನೀನು ಹೌದೋ ಅಲ್ವೋ?"

ಯಜಮಾನರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅದನ್ನು ನಾನು ಮೆಟ್ಟಿಲ ಮೇಲೆ ನೂರು ಸಲ ಕಂಡಿದ್ದೆ: ಕೂಗಿಯಾಯಿತು, ಹಿಂದಿನವರ ಉತ್ತರಕ್ಕೆ ಕಾಯಬೇಕು. ಅವರು ಕಾದರು. ನಾನು ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ನೋಡುತ್ತಿದ್ದೆ. ಅದರ ಮುಚ್ಚಳ ಒಂದು ಕಡೆ ಚಪ್ಪಟೆಯಾಗಿತ್ತು.

"ಹೌದು ಬುದ್ಧಿ. ನಾನೇ ಹೇಳಿದ್ದು," ಎಂದರು.

ಬಿಲ್ಲೆ ಬಿಚ್ಚಿ ಮೇಲಿನ ಮೆಟ್ಟಿಲ ಮೇಲೆ ಇಟ್ಟರು. ಗುಮಾಸ್ತ ಬಂದು ಎತ್ತಿಕೊಂಡ. ಹೊರಗೆ ಮುನಿಶಾಮಿ ನನ್ನನ್ನು ತಡೆದು, "ಏನ್ ಮೇಷ್ಟ್ರೇ, ಬಾಯಿಗೆ ಬೀಗ ಹಾಕ್ಕಂಡಿದ್ರಾ?" ಎಂದ. ಯಜಮಾನರು ಅವನ ತೋಳು ಹಿಡಿದು ಎಳೆದುಕೊಂಡು ಹೋದರು. "ನಡೀಲಾ. ಅವ್ರಿಗೆ ರೈಲಿಗೆ ಹೊತ್ತಾಯ್ತದೆ."

ನಾನು ಆ ರೈಲಿಗೇ ಹೋದೆ.

ಆಮೇಲೆ ಅವರು ಊರ ಕೆಳಗಿನ ತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ಒಮ್ಮೆ ದೇವನಹಳ್ಳಿಯ ಸಂತೆಯಲ್ಲಿ ಎದುರಾದರು. ತಲೆಯ ಮೇಲೆ ಸೊಪ್ಪಿನ ಹೊರೆ. ತಲೆಯ ಮೇಲೆ ಹೊರುವುದು ಅವರಿಗೆ ಅಭ್ಯಾಸವಿರಲಿಲ್ಲ, ಕುತ್ತಿಗೆ ಬಿಗಿಹಿಡಿದು ನಡೆಯುತ್ತಿದ್ದರು. "ಚೆನ್ನಾಗಿದೀರಾ ಮೇಷ್ಟ್ರೇ? ಮಕ್ಳು ಚೆನ್ನಾಗಿ ಲೆಕ್ಕ ಕಲೀತಾವಾ?" ಎಂದು ಕೇಳಿದರು. ಅದು ಚುಚ್ಚು ಮಾತೇ ಎಂದು ನಾನು ಎಷ್ಟೋ ದಿನ ಯೋಚಿಸಿದೆ. ಅಲ್ಲ. ಅವರು ಯಾವ ಮೇಷ್ಟ್ರನ್ನಾದರೂ ಹಾಗೇ ಕೇಳುತ್ತಿದ್ದರು. ಉಳಿದಿದ್ದ ಪುಸ್ತಕಗಳನ್ನು ಆ ವಾರ ಹಿತ್ತಲಲ್ಲಿ ಸುಟ್ಟೆ. ಮಾರಾಟವಾದವು ಎಲ್ಲೆಲ್ಲಿವೆಯೋ ತಿಳಿಯದು.

ಮುನಿಶಾಮಿ ಬಂದು ಹೋದ ಮುಂದಿನ ಭಾನುವಾರ ಅವರ ಹಳ್ಳಿಗೆ ಹೋದೆ. ಜೇಬಿನಲ್ಲಿ ಒಂದು ಅರ್ಜಿ ಇತ್ತು. ಇನ್ನೂರು ಎಂಬುದು ನನ್ನ ಲೆಕ್ಕ, ಅವರು ನನ್ನನ್ನು ಎಚ್ಚರಿಸಿಯೂ ಇದ್ದರು ಎಂದು ಅದರಲ್ಲಿ ಬರೆದಿದ್ದೆ. ಅವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ, ಯಾಕೆಂದರೆ ಅಷ್ಟು ವರ್ಷಗಳಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ. ಅವರ ಮಗಳು ರಾಗಿ ಕೇರುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಮೊರ ಕೆಳಗಿಟ್ಟಳು.

"ಹೆಸ್ರು ಬ್ಯಾಡಿ ಮೇಷ್ಟ್ರೇ. ಒಂದ್ಸಲ ಆಫೀಸಿನ ಕಾಗದ್ದಾಗೆ ಬಂತು, ಸಾಕು. ನಿಮ್ದೇನಾದ್ರೂ ಬರೆಯಂಗಿದ್ರೆ ನಿಮ್ ಹೆಸ್ರು ಬರ್ಕಳಿ."

"ನನ್ನ ವಿಷಯ ಮನೇಲಿ ಏನಾದ್ರೂ ಹೇಳ್ತಿದ್ರಾ?"

"ಏನೂ ಇಲ್ಲ. ಮೇಷ್ಟ್ರಿಗೆ ಹೆಗಲು ಗೊತ್ತಿಲ್ಲ, ಪಾಪ, ಅಂತಿದ್ದ."

ಮಾರನೆಯ ದಿನ ಬೆಟ್ಟದ ಮೇಲಿನ ಆಫೀಸಿಗೆ ಹೋಗಿ ಅರ್ಜಿಯನ್ನು ನನ್ನೊಬ್ಬನ ಹೆಸರಿನಲ್ಲೇ ಕೊಟ್ಟೆ. ಅಧಿಕಾರಿಗಳು ಬದಲಾಗಿದ್ದರು. ಹೊಸಬರು ಅದನ್ನು ಓದಿ ಕಡತದಲ್ಲಿ ಇಟ್ಟುಕೊಂಡರು.

ಆಫೀಸಿನಿಂದ ಹೊರಗೆ ಬಂದಾಗ ಮುನಿಶಾಮಿ ಕಾದಿದ್ದ. "ಬನ್ನಿ, ಒಂದು ತೋರಿಸ್ಬೇಕು," ಎಂದ. ಬಸರಿ ಮರದ ಕಡೆಗೆ ನಡೆದ. ಕಾರೆ ಪೊದೆಯವರೆಗೆ ಇಳಿದೆವು. ಅಲ್ಲಿ, ಹಾಸುಬಂಡೆ ಆರಂಭವಾಗುವ ಮೊದಲೇ, ದಾರಿಗೆ ಅಡ್ಡವಾಗಿ ಸೊಂಟದೆತ್ತರದ ಕಲ್ಲುಗೋಡೆ ಇತ್ತು. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಇನ್ನು ಎಣಿಸಿಕೊಂಡು ಬಂದವರೂ ನೇರ ಹೋಗುವಂತಿಲ್ಲ, ಎಡಕ್ಕೇ ತಿರುಗಬೇಕು.

"ಯಜಮಾನಂಗೆ ಬಿಲ್ಲೆ ಇಲ್ಲ, ಹೊರಬ್ಯಾಡ ಅಂದೆ. ಕೇಳ್ಲಿಲ್ಲ," ಎಂದ ಮುನಿಶಾಮಿ. "ಎರಡು ಬೇಸ್ಗೆ. ಕೋಟೆ ತಾವ ಬಿದ್ದಿರೋ ಕಲ್ಲೆಲ್ಲಾ ಒಬ್ನೇ ಇಳಿಸ್ದ. ಪುಸ್ತ್ಕ ಇನ್ನೂ ಯಾರ್ ಕೈಯಾಗೆ ಐತೋ ಅಂತಿದ್ದ."

ಗೋಡೆಯ ಕೊನೆಯಲ್ಲಿ ಒಂದು ಕಲ್ಲು ಹಿಡಿಸುವಷ್ಟು ಸಂದು ಇತ್ತು. ನಾನು ಅದನ್ನು ನೋಡುತ್ತಿರುವುದು ಅವ‌ನಿಗೆ ತಿಳಿಯಿತು.

"ಅದ್ರ ಕಲ್ಲು ಮರದ ತಾವೇ ಐತೆ. ಉರುಳಿಸ್ಕೊಂಡು ಅಲ್ಲೀಗಂಟ ತಂದ. ಎದೆ ಹಿಡ್ಕೊಂಡು ಕೂತ್ಕಂಡ. ಮತ್ತೆ ಏಳ್ಲಿಲ್ಲ."

ಮತ್ತೆ ಮೇಲೆ ಹತ್ತಿದೆವು. ನಾನು ಕೋಟು ಬಿಚ್ಚಿ ಕೊಂಬೆಗೆ ಹಾಕಿದೆ. ಮುನಿಶಾಮಿ ಮರದಡಿ ತಂದಿಟ್ಟಿದ್ದ ಹಗ್ಗವನ್ನು ಕಲ್ಲಿಗೆ ಬಿಗಿದು ಬಿದಿರು ತೂರಿಸಿದ. ನನ್ನ ಟವಲನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಇಟ್ಟ. ಅವನು ಮುಂದೆ, ನಾನು ಹಿಂದೆ. ಕಲ್ಲು ನೆಲದಿಂದ ಎದ್ದ ಕೂಡಲೇ ಬಿದಿರು ಮೂಳೆಗೆ ಇಳಿಯಿತು. ಇಳಿಜಾರಿಗೆ ಕಾಲಿಟ್ಟಾಗ ಹಗ್ಗ ಬಿದಿರಿನ ಮೇಲೆ ಕಿರುಗುಟ್ಟುತ್ತ ಮುಂದಕ್ಕೆ ಸರಿಯಿತು. ನನಗೆ ಸ್ವಲ್ಪ ಹಗುರಾಯಿತು. ಮುಂದೆ ಅವನ ಬೆನ್ನು ಬಗ್ಗಿತು. ಹಿಂದಿನವನಿಗೆ ಕಾಣುವುದು ಬೆನ್ನು ಮಾತ್ರ.

ನಾನು ಎಣಿಸುತ್ತಿದ್ದೆ. ಬೇಡವೆಂದರೂ ನಿಲ್ಲಲಿಲ್ಲ. ಅರವತ್ತೊಂದಕ್ಕೆ ಅವನು ನಿಂತ.

"ಹೆಗಲು."

ತಿರುಗಿ ನೋಡಲಿಲ್ಲ. ಕುತ್ತಿಗೆಯ ನರ ಎದ್ದಿತ್ತು. ಭಾರ ಹೊತ್ತು ಹಾಗೇ ನಿಂತಿದ್ದ. ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ.

"ಮೇಷ್ಟ್ರೇ," ಎಂದ ಮೆಲ್ಲಗೆ, "ಹಿಂದಿನೋರು ಹೇಳ್ಬೇಕು."

"ಆಯ್ತು," ಎಂದೆ.

ಹೆಗಲು ಬದಲಾಯಿಸಿದೆವು. ಇನ್ನೊಂದು ಹೆಗಲಿಗೆ ಗೋಡೆ ಬಂತು, ಅದರ ಎಡಕ್ಕೆ ದೊಣೆ.